ಹಬ್ಬದ ಶುಭಾಶಯ ಪತ್ರಗಳು: ಅಂಚೆ ವೆಚ್ಚದಲ್ಲಿ ಮಿತವ್ಯಯ

ಯುಗಾದಿ, ದೀಪಾವಳಿ, ಕ್ರಿಸ್‌ಮಸ್ ಹಾಗೂ ಹೊಸ ವರ್ಷದ ಶುಭಾಶಯ ಪತ್ರಗಳ ವೆಚ್ಚದಲ್ಲಿ ಪತ್ರದ ಬೆಲೆಯೊಂದಿಗೆ ಅಂಚೆ ಶುಲ್ಕವೂ ಸೇರಿರುತ್ತದೆ. 2024ರಲ್ಲಿ ಜಾರಿಯಲ್ಲಿದ್ದ ದೇಶೀಯ ಅಂಚೆ ದರಗಳು ಈ ಕೆಳಕಂಡಂತಿವೆ:

• ಕೈಬರಹದ ಅಂಚೆ ಕಾರ್ಡು: 50 ಪೈಸೆ
• ಮುದ್ರಿತ ಅಂಚೆ ಕಾರ್ಡು: 6 ರೂ.
• ಲಕೋಟೆ: 20 ಗ್ರಾಂವರೆಗೆ 5 ರೂ.; ನಂತರದ ಪ್ರತಿ 20 ಗ್ರಾಂ ಅಥವಾ ಅದರ ಭಾಗಕ್ಕೆ 5 ರೂ.

ಇದರನ್ವಯ 50 ಮಂದಿಗೆ ಅಂಚೆ ಕಾರ್ಡಿನಲ್ಲಿ ಕೈಯಿಂದ ಬರೆದು ಕಳುಹಿಸಲು 25 ರೂ. ಸಾಕಾಗುತ್ತದೆ. ಅದೇ ಒಕ್ಕಣೆಯನ್ನು ಮುದ್ರಿಸಿದಲ್ಲಿ ಅಂಚೆ ಶುಲ್ಕವೇ 300 ರೂ. ಆಗುತ್ತದೆ.

ದಪ್ಪ ಕಾಗದದ ಅಲಂಕೃತ ಪತ್ರಗಳು 20 ಗ್ರಾಂ ಮೀರುವ ಸಂಭವವಿರುವುದರಿಂದ, ಅಂಚೆ ಕಚೇರಿಯಲ್ಲಿ ತೂಕ ಮಾಡಿಸಿದ ನಂತರವೇ ಅಂಚೆಚೀಟಿ ಅಂಟಿಸುವುದು ಸೂಕ್ತ. ಚೀಟಿಯ ಮೌಲ್ಯ ಕಡಿಮೆಯಾದಲ್ಲಿ ಅದರ ಹೊರೆ ಶುಭಾಶಯ ಸ್ವೀಕರಿಸುವವರ ಮೇಲೆಯೇ ಬೀಳುತ್ತದೆ.