ಸೂರ್ಯಕಾಂತಿ ನೆಕ್ರೋಸಿಸ್ ರೋಗ: ನಂಜಾಣುವಿನ ಆರ್.ಎನ್.ಎ. ರಚನೆ ಮತ್ತು ವೃದ್ಧಿಯ ಕುರಿತು ರೈತರಿಗೆ ಮಾಹಿತಿ

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಸೂರ್ಯಕಾಂತಿ ಬೆಳೆಯುವ ರೈತ ಬಾಂಧವರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಔಷಧಿ ಸಿಂಪಡಿಸಿದರೂ ನೆಕ್ರೋಸಿಸ್ ರೋಗವು ಏಕೆ ವಾಸಿಯಾಗುವುದಿಲ್ಲ ಎಂಬ ಪ್ರಶ್ನೆಗೆ ಉತ್ತರವು ನಂಜಾಣುವಿನ ವೃದ್ಧಿಯ ಕ್ರಮದಲ್ಲಿದೆ.

1. ರೋಗದ ಹಿನ್ನೆಲೆ

ಭಾರತದಲ್ಲಿ ಈ ರೋಗವು 1997ರಲ್ಲಿ ಕರ್ನಾಟಕದ ಬಾಗೇಪಲ್ಲಿಯಲ್ಲಿ ಮೊದಲಿಗೆ ಕಂಡುಬಂದಿತು. ಎಲೆಯ ಅಂಚು ಹಾಗೂ ನರಗಳು ಕಂದುಬಣ್ಣಕ್ಕೆ ತಿರುಗಿ ಒಣಗುವುದು, ತೊಟ್ಟು ಮತ್ತು ಕಾಂಡದ ಮೇಲೆ ಕಪ್ಪು ಗೆರೆಗಳು ಮೂಡುವುದು, ತೆನೆ ತಿರುಚಿಕೊಂಡು ಕಾಳು ಜೊಳ್ಳಾಗುವುದು ಇದರ ಲಕ್ಷಣಗಳಾಗಿವೆ. ಎಳೆಯ ಗಿಡಕ್ಕೆ ರೋಗ ತಗುಲಿದಲ್ಲಿ ಗಿಡವೇ ಸಾಯುತ್ತದೆ. ಇದಕ್ಕೆ ಕಾರಣ ತಂಬಾಕು ಸ್ಟ್ರೀಕ್ ನಂಜಾಣು. 2000ನೇ ಸಾಲಿನ ಮುಂಗಾರಿನಲ್ಲಿ ಇದೇ ನಂಜಾಣು ನೆರೆಯ ಅನಂತಪುರ ಜಿಲ್ಲೆಯಲ್ಲಿ ಸುಮಾರು 2.25 ಲಕ್ಷ ಹೆಕ್ಟೇರ್ ಶೇಂಗಾ ಬೆಳೆಯನ್ನು ಬಾಧಿಸಿ, 300 ಕೋಟಿ ರೂಪಾಯಿಗೂ ಮೀರಿದ ಹಾನಿಯನ್ನುಂಟುಮಾಡಿತು.

2. ನಂಜಾಣುವಿನ ಸ್ವರೂಪ

ಈ ನಂಜಾಣುವಿನ ವಂಶವಾಹಿ ಮಾಹಿತಿಯು ಡಿ.ಎನ್.ಎ.ಯಲ್ಲಿರದೆ, ಮೂರು ಪ್ರತ್ಯೇಕ ಆರ್.ಎನ್.ಎ. ಎಳೆಗಳಲ್ಲಿರುತ್ತದೆ. ಮೊದಲ ಎರಡು ಎಳೆಗಳಲ್ಲಿ ನಕಲು ಮಾಡುವ ಪ್ರೋಟೀನುಗಳ ಮಾಹಿತಿ ಇರುತ್ತದೆ. ಮೂರನೆಯದರಲ್ಲಿ ಕೋಶದಿಂದ ಕೋಶಕ್ಕೆ ಸಾಗಲು ನೆರವಾಗುವ ಪ್ರೋಟೀನು ಹಾಗೂ ಹೊದಿಕೆ ಪ್ರೋಟೀನಿನ ಮಾಹಿತಿ ಇರುತ್ತದೆ.

ಆರ್.ಎನ್.ಎ. ನೇರವಾದ ದಾರವಲ್ಲ. ಅದರ ಅಡಿನೀನ್ ಘಟಕವು ಯುರಾಸಿಲ್‌ನೊಂದಿಗೆ, ಗ್ವಾನೀನ್ ಘಟಕವು ಸೈಟೋಸೀನ್‌ನೊಂದಿಗೆ ಜೋಡಿಯಾಗುವುದರಿಂದ ಎಳೆಯು ತನ್ನ ಮೇಲೆಯೇ ಮಡಚಿಕೊಂಡು ಕೂದಲ ಪಿನ್ನಿನ ಆಕಾರವನ್ನು ಪಡೆಯುತ್ತದೆ. ಈ ನಂಜಾಣುವಿನ ಪ್ರತಿ ಎಳೆಯ ಕೊನೆಯ ಭಾಗದಲ್ಲಿ ಇಂತಹ ಹಲವು ಪಿನ್ನುಗಳು ಸಾಲಾಗಿರುತ್ತವೆ. ಹೊದಿಕೆ ಪ್ರೋಟೀನು ಬಂದು ಅಂಟಿಕೊಳ್ಳುವುದು ಇಲ್ಲಿಯೇ.

3. ರಚನೆಯಿಂದ ವೃದ್ಧಿಯ ನಿಯಂತ್ರಣ

ಒಂದೇ ಆರ್.ಎನ್.ಎ. ಎಳೆಯು ಎರಡು ಕೆಲಸಗಳನ್ನು ನಿರ್ವಹಿಸಬೇಕಾಗುತ್ತದೆ. ಗಿಡದ ಕೋಶವು ಅದನ್ನು ಆರಂಭದ ತುದಿಯಿಂದ ಓದಿ ಪ್ರೋಟೀನು ತಯಾರಿಸುತ್ತದೆ. ನಕಲು ಮಾಡುವ ಪ್ರೋಟೀನು ಕೊನೆಯ ತುದಿಯಿಂದ ಹೊರಟು ಪ್ರತಿಯನ್ನು ತಯಾರಿಸುತ್ತದೆ. ಒಂದೇ ಹಳಿಯ ಮೇಲೆ ಎದುರುಬದುರಾಗಿ ಎರಡು ರೈಲುಗಳು ಸಾಗಲಾರವು. ಆದ್ದರಿಂದ ಯಾವ ಕೆಲಸ ಯಾವಾಗ ನಡೆಯಬೇಕೆಂಬುದಕ್ಕೆ ಒಂದು ಸಂಕೇತ ಅಗತ್ಯ.

ಇದೇ ಕುಟುಂಬಕ್ಕೆ ಸೇರಿದ ಅಲ್ಫಾಲ್ಫಾ ಮೊಸಾಯಿಕ್ ನಂಜಾಣುವಿನ ಮೇಲೆ ನೆದರ್‌ಲ್ಯಾಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದಲ್ಲಿ ನಡೆದ ಸಂಶೋಧನೆಗಳು ಈ ವಿಷಯದಲ್ಲಿ ಪ್ರಮುಖವಾಗಿವೆ. ಮೂರು ಎಳೆಗಳನ್ನಷ್ಟೇ ಗಿಡಕ್ಕೆ ಸೇರಿಸಿದರೆ ರೋಗ ಬರುವುದಿಲ್ಲ, ಜೊತೆಗೆ ಹೊದಿಕೆ ಪ್ರೋಟೀನು ಅಥವಾ ಅದರ ಸಂದೇಶ ಹೊತ್ತ ಕಿರು ಎಳೆ ಇರಲೇಬೇಕು ಎಂದು 1971ರಲ್ಲಿ ವರದಿಯಾಯಿತು. ತಂಬಾಕು ಸ್ಟ್ರೀಕ್ ನಂಜಾಣುವಿನ ಹೊದಿಕೆ ಪ್ರೋಟೀನು ಸಹ ಆ ಕೆಲಸವನ್ನು ಮಾಡಬಲ್ಲದೆಂದು ನಂತರ ತಿಳಿದುಬಂದಿತು. 1999ರಲ್ಲಿ ಪ್ರಕಟವಾದ ವಿವರಣೆಯಂತೆ, ಹೊದಿಕೆ ಪ್ರೋಟೀನು ಅಂಟಿಕೊಂಡಾಗ ಕೊನೆಯ ಭಾಗವು ಪಿನ್ನುಗಳ ಸಾಲಾಗಿ ನಿಂತು ಪ್ರೋಟೀನು ತಯಾರಿಕೆ ನಡೆಯುತ್ತದೆ. ಅದು ಬಿಟ್ಟುಹೋದಾಗ ಅದೇ ಭಾಗವು ಗಂಟಿನಂತೆ ಮಡಚಿಕೊಂಡು ನಕಲು ಆರಂಭವಾಗುತ್ತದೆ. ಹೊದಿಕೆ ಪ್ರೋಟೀನು ಹೆಚ್ಚಾದಾಗ ನಕಲು ತಗ್ಗಿ, ತಯಾರಾದ ಎಳೆಗಳು ಹೊಸ ಕಣಗಳಲ್ಲಿ ಸೇರುತ್ತವೆ. ಈ ಕುಟುಂಬದ ಎಲ್ಲ ನಂಜಾಣುಗಳಿಗೂ ಇದು ಒಂದೇ ರೀತಿ ಅನ್ವಯಿಸುವುದೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯವಿದೆ.

4. ರೈತರು ಗಮನಿಸಬೇಕಾದ ಅಂಶಗಳು

ಮೇಲಿನ ಕ್ರಿಯೆಗಳೆಲ್ಲವೂ ಗಿಡದ ಜೀವಕೋಶದ ಒಳಗೆ, ಗಿಡದ್ದೇ ಸಾಮಗ್ರಿಯನ್ನು ಬಳಸಿಕೊಂಡು ನಡೆಯುತ್ತವೆ. ಶಿಲೀಂಧ್ರನಾಶಕವಾಗಲಿ ಕೀಟನಾಶಕವಾಗಲಿ ಅವುಗಳನ್ನು ತಡೆಯಲಾರವು. ರೋಗ ತಗುಲಿದ ಗಿಡವನ್ನು ಗುಣಪಡಿಸುವ ಔಷಧಿ ಇರುವುದಿಲ್ಲ. ಆದ್ದರಿಂದ ರೋಗ ವಾಸಿಮಾಡುವುದೆಂಬ ಹೆಸರಿನಲ್ಲಿ ಮಾರುವ ಉತ್ಪನ್ನಗಳಿಗೆ ಹಣ ವ್ಯಯಿಸಬಾರದಾಗಿ ಕೋರಲಾಗಿದೆ. ನಂಜಾಣು ಗಿಡವನ್ನು ಪ್ರವೇಶಿಸದಂತೆ ತಡೆಯುವುದೇ ಉಳಿದಿರುವ ಮಾರ್ಗ.

ಪಾರ್ಥೇನಿಯಂ (ಕಾಂಗ್ರೆಸ್ ಕಸ) ರೋಗಲಕ್ಷಣ ತೋರದೆಯೇ ಈ ನಂಜಾಣುವನ್ನು ಹೊತ್ತಿರುತ್ತದೆ. ಅದರ ಪರಾಗವು ಗಾಳಿ ಹಾಗೂ ಥ್ರಿಪ್ಸ್ ನುಸಿಗಳ ಮೂಲಕ ಎಲೆಯ ಮೇಲೆ ಬೀಳುತ್ತದೆ. ನುಸಿ ಕೆರೆದ ಗಾಯದ ಮೂಲಕ ನಂಜಾಣು ಒಳಸೇರುತ್ತದೆ. ಆದ್ದರಿಂದ:

ಅ) ಹೊಲ, ಬದು ಮತ್ತು ರಸ್ತೆಬದಿಯ ಪಾರ್ಥೇನಿಯಂ ಅನ್ನು ಹೂ ಬಿಡುವ ಮೊದಲೇ ಕಿತ್ತು ನಾಶಪಡಿಸುವುದು.
ಆ) ಹೊಲದ ಸುತ್ತ 3-4 ಸಾಲು ಜೋಳವನ್ನು ಮುಂಚಿತವಾಗಿ ಬಿತ್ತುವುದು.
ಇ) ಪ್ರತಿ ಕಿ.ಗ್ರಾಂ ಬೀಜಕ್ಕೆ 5 ಗ್ರಾಂ ಇಮಿಡಾಕ್ಲೋಪ್ರಿಡ್ 70 ಡಬ್ಲ್ಯೂ.ಎಸ್. ನಿಂದ ಬೀಜೋಪಚಾರ ಮಾಡುವುದು. ಇದು ನುಸಿಯನ್ನು ನಿಯಂತ್ರಿಸುತ್ತದೆಯೇ ಹೊರತು ನಂಜಾಣುವನ್ನಲ್ಲ.

5. ಬೆಳೆ ವಿಮೆ

ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಡಿ, ಅಧಿಸೂಚಿತ ಬೆಳೆಗಳಿಗೆ ತಡೆಯಲಾಗದ ಕೀಟ ಹಾಗೂ ರೋಗದಿಂದಾಗುವ ಇಳುವರಿ ನಷ್ಟವೂ ಒಳಪಡುತ್ತದೆ. ಎಣ್ಣೆಕಾಳು ಬೆಳೆಗಳಿಗೆ ರೈತರ ಪಾಲಿನ ವಿಮಾ ಕಂತು ಗರಿಷ್ಠವೆಂದರೆ ಮುಂಗಾರಿಗೆ ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5. ರೋಗದಿಂದಾದ ನಷ್ಟವನ್ನು ಒಬ್ಬ ರೈತರ ಹೊಲವನ್ನಷ್ಟೇ ನೋಡಿ ನಿರ್ಧರಿಸಲಾಗುವುದಿಲ್ಲ. ಅಧಿಸೂಚಿತ ಘಟಕದಲ್ಲಿ ನಡೆಯುವ ಬೆಳೆ ಕಟಾವು ಪ್ರಯೋಗಗಳ ಸರಾಸರಿ ಇಳುವರಿಯನ್ನು ಆಧರಿಸಲಾಗುತ್ತದೆ. ಆದಕಾರಣ ಬಿತ್ತನೆಯ ಹಂಗಾಮಿನಲ್ಲಿ, ಕೊನೆಯ ದಿನಾಂಕದ ಒಳಗಾಗಿ ನೋಂದಾಯಿಸಿಕೊಳ್ಳುವುದು ಅವಶ್ಯ. ರೋಗ ಕಂಡ ನಂತರ ನೋಂದಣಿಗೆ ಅವಕಾಶ ಸಿಗದೆ ಹೋಗಬಹುದು.

ಹೆಚ್ಚಿನ ಮಾಹಿತಿಗಾಗಿ ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಅಥವಾ ಕಿಸಾನ್ ಕಾಲ್ ಸೆಂಟರ್ ಉಚಿತ ದೂರವಾಣಿ 1800-180-1551 ಅನ್ನು ಸಂಪರ್ಕಿಸುವುದು.