ಕಾಲಿನ ಅರಿವು

ನಮ್ಮ ಹಿರಿಯರು ಇಂದ್ರಿಯಗಳನ್ನು ಎರಡು ಪಂಗಡವಾಗಿ ಎಣಿಸಿದರು. ಕಣ್ಣು, ಕಿವಿ, ಮೂಗು, ನಾಲಗೆ, ಚರ್ಮ ಇವು ಜ್ಞಾನೇಂದ್ರಿಯಗಳು. ವಾಕ್ಕು, ಕೈ, ಕಾಲು ಮೊದಲಾದುವು ಕರ್ಮೇಂದ್ರಿಯಗಳು. ಕಾಲಿನ ಪಾಲಿಗೆ ಬಂದುದು ನಡೆಯುವ ಕೆಲಸ; ತಿಳಿಯುವ ಕೆಲಸವಲ್ಲ. ಆದರೆ ಓದುಗರೆ, ಕತ್ತಲಲ್ಲಿ ಇಳಿಯುವಾಗ ಕೊನೆಯ ಮೆಟ್ಟಿಲು ಮುಗಿಯಿತೆಂದು ನಿಮಗೆ ಹೇಳುವವರು ಯಾರು? ಕಣ್ಣಲ್ಲ, ಕಾಲು. ಆ ಅರಿವನ್ನು ಕಳೆದುಕೊಂಡವರಿಗೆ ಯಂತ್ರದ ಮೂಲಕ ಅದನ್ನು ಮರಳಿ ಕೊಡಬಹುದೆ?

ಈ ಪ್ರಶ್ನೆಯ ಬೇರು ಹಳೆಯದು. 1834ರಲ್ಲಿ ಜರ್ಮನಿಯ ವೇಬರ್ ಎಂಬ ಪಂಡಿತನು ಕೈವಾರದ ಎರಡು ಮೊನೆಗಳನ್ನು ಮೈಮೇಲೆ ಊರಿ, ಅವು ಎರಡೆಂದು ಯಾವ ಅಂತರದಲ್ಲಿ ತಿಳಿಯುತ್ತದೆಂದು ಅಳೆದುದನ್ನು ಪ್ರಕಟಿಸಿದನು. ಬೆರಳ ತುದಿಗೆ ಸುಮಾರು 2 ಮಿಲಿಮೀಟರು ಸಾಕು; ತೊಡೆಗೆ ಸುಮಾರು 40 ಬೇಕು. ಆದುದರಿಂದ ಕಾಲಿಗೆ ಸುದ್ದಿ ಕಳಿಸುವವನು ದಪ್ಪಕ್ಷರದಲ್ಲಿ ಬರೆಯಬೇಕು. 1906ರಲ್ಲಿ ಇಂಗ್ಲೆಂಡಿನ ಷೆರಿಂಗ್ಟನ್ ಮತ್ತೊಂದು ಸಂಗತಿಯನ್ನು ವಿಶದಪಡಿಸಿದನು: ಚರ್ಮವಷ್ಟೇ ಅಲ್ಲ, ಸ್ನಾಯು ಕೀಲುಗಳೂ ತಮ್ಮ ಇರವನ್ನು ಮಿದುಳಿಗೆ ಸದಾ ವರದಿಮಾಡುತ್ತಿರುತ್ತವೆ. ಕಾಲು ಎಲ್ಲಿದೆಯೆಂದು ನೋಡದೆಯೇ ನಾವು ಬಲ್ಲೆವು.

ಇನ್ನು ಯಂತ್ರದ ಕಡೆಗೆ ಬರೋಣ. ಅಮೆರಿಕದ ಐವನ್ ಸದರ್ಲೆಂಡ್ 1965ರಲ್ಲಿ ಒಂದು ಪ್ರಬಂಧ ಬರೆದು, ಗಣಕಯಂತ್ರವು ಕಣ್ಣಿಗೆ ಮಾತ್ರವಲ್ಲದೆ ಮೈಗೂ ತಾಗುವ ಲೋಕವೊಂದನ್ನು ಸೃಷ್ಟಿಸಬಹುದೆಂದು ಕಲ್ಪಿಸಿದನು. ಆದರೆ 1968ರಲ್ಲಿ ಅವನು ತೋರಿಸಿದ ಸಾಧನ ತಲೆಗೆ ತೊಡಿಸುವಂಥದು, ಕಣ್ಣಿಗೆ ಮಾತ್ರ ಸೇರಿದುದು. ಮುಂದೆ ಕೈಗವಸುಗಳು ಬಂದವು. ಕಾಲಿನ ಸರದಿ ತಡವಾಯಿತು. ಕಣ್ಣು ಬೆಟ್ಟವನ್ನು ಏರುತ್ತಿರುವಾಗ ಕಾಲು ಕೋಣೆಯ ನೆಲದಲ್ಲಿಯೇ ನಿಂತಿರುತ್ತಿತ್ತು. ಈ ಕೊರತೆಯನ್ನು ತುಂಬಲು ಹೊರಟವರು ಮೊಬೈಲ್ ಫೋನಿನಲ್ಲಿ ಗುಂಯ್ಗುಡುವಂಥ ಪುಟ್ಟ ಕಂಪಕಗಳನ್ನು ಮೀನಖಂಡಕ್ಕೂ ಅಂಗಾಲಿಗೂ ಕಟ್ಟಿದರು. ಮಾಯಾಲೋಕದ ಪಾದ ನೆಲ ಮುಟ್ಟಿದಾಗ ನಿಜವಾದ ಪಾದಕ್ಕೆ ಕಂಪನ ತಾಗುತ್ತದೆ.

ಆದರೆ ಬೆನ್ನುಹುರಿ ಕಡಿದು ಕಾಲಿಗೆ ಅರಿವೇ ಇಲ್ಲದವರಿಗೆ ಅದನ್ನು ಎಲ್ಲಿ ಕಟ್ಟುವುದು? ಬ್ರೆಜಿಲಿನ ಸಾವೊ ಪಾಲೊದಲ್ಲಿ ಮಿಗೆಲ್ ನಿಕೊಲೆಲಿಸ್ ಮತ್ತು ಸಂಗಡಿಗರು ಕಂಡುಕೊಂಡ ಉತ್ತರ ಸರಳವಾದುದು: ಅರಿವು ಉಳಿದಿರುವ ಮುಂಗೈಗೆ. ಕನ್ನಡಕದೊಳಗಿನ ಪಾದ ಹಿಮ್ಮಡಿಯಿಂದ ಬೆರಳಿನತ್ತ ಉರುಳಿದಂತೆ ಮುಂಗೈಯ ಮೇಲೆ ಕಂಪನವೂ ಸಾಗಿತು. ಅಭ್ಯಾಸವಾದ ಮೇಲೆ ರೋಗಿಗಳು ಮರಳು, ಹುಲ್ಲು, ಕಲ್ಲುಹಾಸು ಇವುಗಳನ್ನು ಬೇರೆಬೇರೆಯಾಗಿ ಗುರುತಿಸಿದರು. ತಮ್ಮ ಕಾಲೇ ನಡೆಯುತ್ತಿದೆಯೆಂದು ಭಾವಿಸಿದವರೂ ಉಂಟು. 2014ರ ಜೂನ್ 12ರಂದು ವಿಶ್ವಕಪ್ ಫುಟ್ಬಾಲಿನ ಆರಂಭೋತ್ಸವದಲ್ಲಿ ಅಂಥವರಲ್ಲೊಬ್ಬನು ಯಂತ್ರಕವಚ ಧರಿಸಿ ಚೆಂಡನ್ನು ಒದೆದನು.

ಹೆಚ್ಚಿನ ಸೋಜಿಗ 2016ರಲ್ಲಿ ಪ್ರಕಟವಾಯಿತು. ಪೆಟ್ಟಾಗಿ 3ರಿಂದ 13 ವರ್ಷ ಕಳೆದಿದ್ದ 8 ಮಂದಿ 12 ತಿಂಗಳು ಅಭ್ಯಾಸಮಾಡಿದ ಮೇಲೆ, ಪೆಟ್ಟಾದ ಎಡೆಯಿಂದ ಕೆಳಗೆ ಒಂದಿಷ್ಟು ಸ್ಪರ್ಶಜ್ಞಾನ ಮರಳಿತು; ಅವರಲ್ಲಿ ಅರ್ಧದಷ್ಟು ಮಂದಿಯನ್ನು ವೈದ್ಯರು ‘ಪೂರ್ಣ’ ಪಾರ್ಶ್ವಹೀನತೆಯಿಂದ ‘ಅಪೂರ್ಣ’ ವರ್ಗಕ್ಕೆ ಸೇರಿಸಿದರು. ಇದನ್ನು ಪವಾಡವೆಂದು ಭ್ರಮಿಸಬಾರದು. ಅವರು ಎದ್ದು ಓಡಲಿಲ್ಲ. ಗುಂಪು ಚಿಕ್ಕದು, ಹೋಲಿಸಿ ನೋಡಲು ಇನ್ನೊಂದು ಗುಂಪಿರಲಿಲ್ಲ, ವ್ಯಾಯಾಮದ ಫಲವೆಷ್ಟು, ಕಂಪನದ ಫಲವೆಷ್ಟು ಎಂದು ಬಿಡಿಸಿ ಹೇಳುವಂತಿಲ್ಲ. ಆದರೂ ಇನ್ನಿಲ್ಲವೆಂದು ಕೈಬಿಟ್ಟ ದಾರಿ ಪೂರ್ತಿ ಮುಚ್ಚಿರಲಿಲ್ಲವೆಂಬುದು ಸಣ್ಣ ಮಾತಲ್ಲ.

ಇದೆಲ್ಲ ದೂರದೇಶದ ಕಥೆಯೆಂದು ತಿಳಿಯಬೇಡಿ. ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಅರಿವು ಮಂಕಾದ ಹಿರಿಯರು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ. ದೀಪವಾರಿದೊಡನೆ ಅವರು ಗೋಡೆ ಹಿಡಿಯುತ್ತಾರೆ. ಚುಚ್ಚಿದ ಮುಳ್ಳು ಅವರಿಗೆ ತಿಳಿಯುವುದಿಲ್ಲ. ಯಂತ್ರಗಳು ಅವರ ಬಳಿಗೆ ಬರುವ ಕಾಲಕ್ಕೆ ಬರಲಿ. ಈ ಸಂಜೆ ನಿಮ್ಮ ಮನೆಯ ಹಿರಿಯರ ಅಂಗಾಲನ್ನು ಒಮ್ಮೆ ನೀವೇ ನೋಡಿ.