ಮೈಗೆ ಹತ್ತಿ, ಮಾರಿಗೆ ರೇಷ್ಮೆ

ಹುನಗುಂದ, ಇಳಕಲ್ಲ, ಗುಳೇದಗುಡ್ಡದ ಕಡೆ ಬೇಸಿಗೆ ಪಂಚಾಂಗ ನೋಡಿ ಬರುವುದಿಲ್ಲ. ಹೋಳಿ ಹುಣ್ಣಿಮೆ ಹೊತ್ತಿಗೆ ಎರೆಹೊಲ ಬಾಯಿ ಬಿಟ್ಟಿರುತ್ತದೆ. ಕಾದ ಬಂಡೆಗಲ್ಲು ನಡುರಾತ್ರಿಯಾದರೂ ಆರುವುದಿಲ್ಲ. ಈ ನೆಲದ ಹೆಣ್ಣುಮಕ್ಕಳು ತಲೆಮಾರುಗಳಿಂದ ಉಟ್ಟದ್ದು ಇಳಕಲ್ಲ ಸೀರೆ, ತೊಟ್ಟದ್ದು ಗುಳೇದಗುಡ್ಡದ ಕಣ ಎಂಬ ಬಟ್ಟೆಯ ಕುಬಸ. ಹೊರಗಿನಿಂದ ಬಂದವರ ಕಣ್ಣಿಗೆ ಸಂತೆಯ ಹೆಂಗಸರೆಲ್ಲ ಒಂದೇ ಥರ ಕಾಣುತ್ತಿದ್ದರು. ಊರಿನವರಿಗೆ ಹಾಗಿರಲಿಲ್ಲ. ತಲೆಯ ಮೇಲಿನ ಸೆರಗು, ಮೀನಖಂಡದ ಹತ್ತಿರದ ದಡಿ, ಬೆನ್ನಿನ ಕಣ ನೋಡಿ, ಮುಖ ಕಾಣುವ ಮೊದಲೇ ಇಂಥವರ ಮನೆಯಾಕೆ ಎಂದು ಹೇಳಿಬಿಡುತ್ತಿದ್ದರು.

ನನ್ನ ತಾಯಿಯ ತಾಯಿಯನ್ನು ನಾವೆಲ್ಲ ಆಯಿ ಅನ್ನುತ್ತಿದ್ದೆವು. ಅರಿವೆಯ ವಿಷಯ ಬಂದರೆ ಆಕೆಯದು ಒಂದೇ ಮಾತು: “ಮೈಗೆ ಹತ್ತಿ ಇರಲಿ, ಮಾರಿಗೆ ರೇಷ್ಮಿ ಇರಲಿ.” ಇಳಕಲ್ಲ ಸೀರೆ ಹುಟ್ಟಿದ್ದೇ ಈ ಲೆಕ್ಕದ ಮೇಲೆ. ಬೆವರುವ ಮೈಗೆ ತಾಗುವ ಒಡಲು ಹತ್ತಿಯದು. ದಡಿ ಮತ್ತು ಸೆರಗು ಮಾತ್ರ ರೇಷ್ಮೆಯವು. ಸೆರಗು ತಲೆಯ ಮೇಲೆ ಬಿಸಿಲಿಗೆ ಮರೆಯಾಗುತ್ತದೆ, ಮುಖದ ಪಕ್ಕದಲ್ಲಿ ಬಣ್ಣವಾಗಿ ನಿಲ್ಲುತ್ತದೆ. ಬಿಸಿಲಿನ ಬೇಡಿಕೆ, ಕಿಸೆಯ ಅಳತೆ, ಉಡುವವಳ ಆಸೆ ಮೂರನ್ನೂ ಒಂದೇ ಬಟ್ಟೆಯಲ್ಲಿ ಹೊಂದಿಸಿದ ನೇಕಾರರ ಬುದ್ಧಿಗೆ ನಾನು ಇವತ್ತಿಗೂ ಕೈಮುಗಿಯುತ್ತೇನೆ.

ಈ ಸೀರೆ ಕೂಡುವ ರೀತಿಯನ್ನು ಹತ್ತಿರ ಕೂತು ನೋಡಬೇಕು. ಬೇರೆ ಕಡೆ ಮಗ್ಗಕ್ಕೆ ಉದ್ದನೆಯ ಒಂದೇ ಹಾಸು ಏರಿಸಿ ಸಾಲಾಗಿ ಹಲವು ಸೀರೆ ನೇಯುತ್ತಾರೆ. ಇಳಕಲ್ಲಿನ ಕುಣಿಮಗ್ಗದಲ್ಲಿ ಪ್ರತಿ ಸೀರೆಗೂ ಹಾಸು ಹೊಸದು. ಒಡಲಿನ ಎಳೆ ಬೇರೆ, ದಡಿಯ ಎಳೆ ಬೇರೆ, ಸೆರಗಿನ ಎಳೆ ಬೇರೆ ತಯಾರಾಗುತ್ತವೆ. ಆಮೇಲೆ ಒಡಲಿನ ಹತ್ತಿ ಎಳೆಯ ತುದಿಗೆ ಸೆರಗಿನ ಕೆಂಪು ಎಳೆಯನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಒಂದು ಕೊಂಡಿಯೊಳಗೆ ಇನ್ನೊಂದು ಕೊಂಡಿ, ಅದರ ಪಕ್ಕ ಮತ್ತೊಂದು, ಹೀಗೆ ಸೀರೆಯ ಅಗಲದುದ್ದಕ್ಕೂ. ಮನೆಯ ಹೆಣ್ಣುಮಕ್ಕಳು ಎದುರುಬದುರು ಕೂತು, ಬೆರಳ ತುದಿಯಲ್ಲೇ ಎಳೆ ಎಣಿಸುತ್ತಾ ಈ ಕೆಲಸ ಮುಗಿಸುತ್ತಾರೆ. ಇದೇ ಟೋಪು ತೆನಿ. ಸೆರಗಿನ ಕೆಂಪು ಭಾಗದಲ್ಲಿ ಹಾಸೂ ಕೆಂಪು, ಹೊಕ್ಕೂ ಕೆಂಪು. ಒಡಲಿನ ಬಣ್ಣದ ಒಂದೆಳೆಯೂ ಬೆರೆಯದ ಕಾರಣಕ್ಕೇ ಆ ಕೆಂಪಿಗೆ ಅಷ್ಟು ಗಟ್ಟಿತನ.

ಇದರಿಂದ ಒಂದು ದೊಡ್ಡ ಅನುಕೂಲ ಆಯಿತು. ಪ್ರತಿ ಸೀರೆಗೂ ಹೊಸ ಹಾಸು ಹೂಡುವುದೇ ಆದರೆ, ಒಂದು ಸೀರೆ ಇನ್ನೊಂದರ ಹಾಗೆ ಇರಬೇಕೆಂಬ ಕಟ್ಟಳೆ ಎಲ್ಲಿಯದು? ಸೆರಗು 16 ಇಂಚೇ, 20 ಇಂಚೇ, 27 ಇಂಚೇ ಎಂಬುದು ಉಡುವವಳ ಇಷ್ಟ. ಸೆರಗಿನಲ್ಲಿ ಮೂರು ಕೆಂಪು ಪಟ್ಟಿ, ನಡುವೆ ಎರಡು ಬಿಳಿ ಪಟ್ಟಿ ಎಂಬುದು ಸಾಮಾನ್ಯ ಪದ್ಧತಿ. ಆದರೆ ಆ ಬಿಳಿಯ ಅಂಚಿನಲ್ಲಿ ಜೋಳದ ತೆನೆ ಬರಬೇಕೇ, ಬಾಚಣಿಕೆಯಂಥ ಹಣಿಗೆ ಬರಬೇಕೇ, ಕೋಟೆಯ ತೆನೆಯಂಥ ಕೋಟಿ ಕಮ್ಮಲಿಯೇ, ಬೆಟ್ಟಸಾಲಿನಂಥ ರಂಪವೇ ಎಂಬುದನ್ನು ಆಕೆ ಹೇಳಬಹುದಿತ್ತು. ದಡಿಯಲ್ಲಿ ಚಿಕ್ಕಿ, ಗೋಮಿ, ಜರಿ, ಗಾಡಿ, ಈಚಿನವರಿಗೆ ಗಾಯತ್ರಿ. ಒಡಲಿನಲ್ಲಿ ಸಣ್ಣ ಚೌಕಡಿ, ದೊಡ್ಡ ಚೌಕಡಿ, ಉದ್ದ ಗೆರೆ. ಇಷ್ಟನ್ನು ಕೂಡಿಸಿ ಕಳೆದು ನೋಡಿದರೆ, ಒಂದೂರಿನಲ್ಲಿ ಒಬ್ಬಳಂತೆ ಇನ್ನೊಬ್ಬಳು ಉಡುವ ಅಗತ್ಯವೇ ಇರಲಿಲ್ಲ. ಆಯಿ ಕೊನೆಯವರೆಗೂ ಬಿಡದೆ ಉಟ್ಟದ್ದು ಸಣ್ಣ ಚೌಕಡಿಯ ಒಡಲಿಗೆ ಗೋಮಿ ದಡಿ ಎಂಬ ಜೋಡಿಯನ್ನೇ. ಆಕೆಯ ತಂಗಿಗೆ ಚಿಕ್ಕಿಯೇ ಬೇಕು. ಇಬ್ಬರೂ ಒಂದೇ ಅಂಗಡಿಯ ಒಂದೇ ಜಮಖಾನದ ಮೇಲೆ ಕೂತು ಬೇರೆ ಬೇರೆ ಗಂಟು ಕಟ್ಟಿಸಿಕೊಂಡು ಬರುತ್ತಿದ್ದರು.

ಕುಬಸದ ಕಣದಲ್ಲೂ ಇದೇ ಕಥೆ. ಗುಳೇದಗುಡ್ಡದ ಕಣವನ್ನು ಮೂಲೆಗೆ ಮೂಲೆ ಮಡಚಿ ತ್ರಿಕೋನ ಮಾಡಿ ಉಡಿ ತುಂಬುತ್ತಾರೆ. ಬಿಚ್ಚಿದರೆ ಮೈತುಂಬ ಸಣ್ಣ ಬುಟ್ಟಾ: ತೇರು, ತುಳಸಿ, ಆನೆ ಹೆಜ್ಜೆ, ಸೂರ್ಯನಾರಾಯಣ, ಸಿದ್ಧೇಶ್ವರ ಮುಕುಟ. ಮನೆದೇವರು ಯಾರು, ತವರು ಯಾವುದು, ಮನಸ್ಸಿನಲ್ಲಿ ಏನಿದೆ ಎಂಬುದನ್ನು ಬೆನ್ನ ಮೇಲೆ ಹೊತ್ತು ನಡೆಯುವ ರೀತಿ ಅದು. ಇನ್ನು ಧಾರವಾಡದ ಕಡೆಯ ಕಸೂತಿ. ನೀಲಿಯಲ್ಲಿ ಅದ್ದಿ ಅದ್ದಿ ಕಪ್ಪಾಗಿಸಿದ ಚಂದ್ರಕಾಳಿ ಸೀರೆಯ ಮೇಲೆ, ಅಚ್ಚು ಹಾಕದೆ, ಪೆನ್ಸಿಲ್ ಮುಟ್ಟಿಸದೆ, ನೇಯ್ಗೆಯ ಎಳೆ ಎಣಿಸುತ್ತಲೇ ಹಾಕುವ ಹೊಲಿಗೆ. ಗಾವಂತಿ, ಮುರ್ಗಿ, ನೇಯ್ಗಿ, ಮೆಂತ್ಯೆ ಎಂದು ನಾಲ್ಕು ಬಗೆ. ಗಾವಂತಿಯೂ ಮುರ್ಗಿಯೂ ಒಳಗೂ ಹೊರಗೂ ಒಂದೇ ರೀತಿ ಕಾಣಬೇಕು, ಗಂಟು ಕಾಣಬಾರದು. ಗೋಪುರ, ಆನೆ, ನವಿಲು, ತುಳಸಿಕಟ್ಟೆ ಎಲ್ಲರೂ ಹಾಕುವರು. ಆದರೆ ಆನೆಯ ಸೊಂಡಿಲು ಎಷ್ಟು ಮೇಲೆ, ಗೋಪುರಕ್ಕೆ ಎಷ್ಟು ಮೆಟ್ಟಿಲು ಎಂಬುದು ಸೂಜಿ ಹಿಡಿದವಳ ಲೆಕ್ಕ. ಬೇಸಿಗೆಯ ಮಧ್ಯಾಹ್ನ, ಹೊಲದ ಕೆಲಸ ಇಲ್ಲದ ಹೊತ್ತಿನಲ್ಲಿ, ಪಡಸಾಲೆಯ ತಂಪಿನಲ್ಲಿ ಕೂತು ಮಾಡಿದ ಕೆಲಸ ಇದು.

ಗಂಡಸರೂ ಹಿಂದೆ ಬಿದ್ದಿರಲಿಲ್ಲ. ಬಿಳಿ ಧೋತರ, ಬಿಳಿ ಅಂಗಿ ಎಲ್ಲರಿಗೂ ಒಂದೇ. ವ್ಯತ್ಯಾಸವೆಲ್ಲ ತಲೆಗೆ ಸುತ್ತುವ ಪಟಗಾದಲ್ಲಿ. ಅದರ ಬಣ್ಣ, ಸುತ್ತಿನ ಬಿಗಿ, ಬಿಟ್ಟ ಚುಂಗಿನ ಉದ್ದ ಮನುಷ್ಯನ ಸ್ವಭಾವ ಹೇಳುತ್ತಿದ್ದವು.

ಎಲ್ಲರಿಗೂ ಈ ಆಯ್ಕೆ ಇತ್ತೆಂದು ನಾನು ಹೇಳುವುದಿಲ್ಲ. ಗಂಡ ಸತ್ತವಳಿಗೆ ಹಲವು ಮನೆಗಳಲ್ಲಿ ಬಣ್ಣವೇ ಇಲ್ಲವಾಗುತ್ತಿತ್ತು. ಕೂಲಿಯ ಹೆಣ್ಣುಮಗಳಿಗೆ ವರ್ಷಕ್ಕೊಂದು ಸೀರೆ ಸಿಕ್ಕರೆ ಪುಣ್ಯ. ಆ ಅನ್ಯಾಯ ನಮ್ಮ ಚರಿತ್ರೆಯ ಭಾಗ. ಅದನ್ನು ಮರೆತು ಹಳೆಯದನ್ನು ಹೊಗಳುವುದು ತಪ್ಪು.

ನೇಕಾರರ ಬದುಕೂ ಸುಲಭದ್ದಾಗಿರಲಿಲ್ಲ. 1876ರಿಂದ 1878ರವರೆಗಿನ ದೊಡ್ಡ ಬರ ಈ ಊರುಗಳಿದ್ದ ಆಗಿನ ಕಲಾದಗಿ ಜಿಲ್ಲೆಯನ್ನು ಹಿಂಡಿತು. ಹೊಟ್ಟೆಗೇ ಇಲ್ಲದಾಗ ಸೀರೆ ಕೊಳ್ಳುವವರು ಯಾರು? 1880ರ ದಶಕದಲ್ಲಿ ಗದಗ–ಹೊಟಗಿ ರೈಲು ಬಂದಮೇಲೆ ಗಿರಣಿ ನೂಲಿಗೆ ದಾರಿ ಸಲೀಸಾಯಿತು, ಕೈನೂಲು ಹಿಂದೆ ಸರಿಯಿತು. 1897ರಲ್ಲಿ ಜರ್ಮನಿಯ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂದು, ಕೆಲವೇ ವರ್ಷಗಳಲ್ಲಿ ಗಿಡದ ನೀಲಿಯನ್ನು ಮೂಲೆಗೆ ತಳ್ಳಿತು. ಆದರೂ ಸೀರೆ ಉಳಿಯಿತು. ನೂಲು, ಬಣ್ಣ ಬದಲಾದರೂ ಉಡುವವಳನ್ನು ಕೇಳಿ ನೇಯುವ ಪದ್ಧತಿ ಬದಲಾಗಿರಲಿಲ್ಲ. ಅಸಲು ರೇಷ್ಮೆ ದುಬಾರಿಯಾದಾಗ ಚಮಕಾ, ಅಂದರೆ ಕೃತಕ ರೇಷ್ಮೆ, ದಡಿ ಸೆರಗುಗಳಿಗೆ ಬಂತು. ಆಗಲೂ ಒಡಲು ಹತ್ತಿಯದೇ ಆಗಿತ್ತು.

ಪೆಟ್ಟು ಬಿದ್ದದ್ದು ಒಡಲಿಗೇ ಕೈ ಹಾಕಿದಾಗ. ಪಾಲಿಯೆಸ್ಟರ್ ಎಳೆ, ಪವರ್‌ಲೂಮ್ ಎರಡೂ ಕೂಡಿ ಬಂದು, ಇಳಕಲ್ಲಿನ ಹೆಸರು ಹೊತ್ತ ಅಗ್ಗದ ಸೀರೆ ಸಂತೆ ತುಂಬಿತು. ತೊಳೆಯಲು ಸುಲಭ, ಇಸ್ತ್ರಿ ಬೇಡ, ಬೆಲೆ ಕಡಿಮೆ. ದುಡಿಯುವ ಹೆಣ್ಣುಮಕ್ಕಳು ಅದನ್ನು ಆರಿಸಿಕೊಂಡದ್ದರಲ್ಲಿ ತಪ್ಪಿಲ್ಲ. ಆದರೆ ಬೆವರು ಹೀರದ ಬಟ್ಟೆಯನ್ನು 40 ಡಿಗ್ರಿ ಬಿಸಿಲಿನಲ್ಲಿ ಉಟ್ಟವಳಿಗೆ ಮಾತ್ರ ಗೊತ್ತು ಅದರ ಕಷ್ಟ. ಜೊತೆಗೆ ಹಾಸು ಉದ್ದವಾಯಿತು, ಒಂದೇ ನಮೂನೆಯ ಸೀರೆಗಳು ರಾಶಿ ಬಿದ್ದವು. 1985ರಲ್ಲಿ ಕೆಲವು ಬಗೆಯ ಬಟ್ಟೆಯನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆ ಬಂತು. ಆಮೇಲೆ ಇಳಕಲ್ಲ ಸೀರೆಗೆ, ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಮಾನ್ಯತೆ ಹೆಸರನ್ನು ಕಾಯಬಲ್ಲದು. ಮಗ್ಗವನ್ನು ಕಾಯಬೇಕಾದದ್ದು ಕೊಳ್ಳುವವರು.

ಇವತ್ತು ಬೆಂಗಳೂರು, ಪುಣೆಯ ಹುಡುಗಿಯರು ಗುಳೇದಗುಡ್ಡದ ಕಣದಲ್ಲಿ ಬೇಸಿಗೆಯ ಕುರ್ತಾ, ಫ್ರಾಕ್ ಹೊಲಿಸಿಕೊಳ್ಳುತ್ತಿದ್ದಾರೆ. ಹಳಬರು ಮೂಗು ಮುರಿಯುತ್ತಾರೆ. ನನಗೆ ಅದು ಸಂತೋಷದ ಸಂಗತಿ. ಆನೆ ಹೆಜ್ಜೆಯೋ ತೇರೋ ಎಂದು ಆರಿಸಿ, ತನ್ನ ಅಳತೆಗೆ ಹೊಲಿಸಿಕೊಂಡು, ತನಗೆ ಒಪ್ಪುವ ಹಾಗೆ ತೊಡುವವಳು ಆಯಿ ಮಾಡಿದ್ದನ್ನೇ ಮಾಡುತ್ತಿದ್ದಾಳೆ. ಉಡುಪಿನಲ್ಲಿ ವ್ಯಕ್ತಿತ್ವ ಬರುವುದು ಕಪಾಟು ತುಂಬುವುದರಿಂದಲ್ಲ, ಹೀಗೆ ಕೇಳಿ, ನೋಡಿ, ಆರಿಸುವುದರಿಂದ.

ಈ ಬೇಸಿಗೆಗೆ ಒಂದು ಇಳಕಲ್ಲ ಸೀರೆ ಕೊಳ್ಳುವವರು ಅಂಗಡಿಯಲ್ಲಿ ನಾಲ್ಕು ಪ್ರಶ್ನೆ ಕೇಳಿ: ಒಡಲು ಹತ್ತಿಯದೇ? ದಡಿ ಯಾವುದು? ತೆನಿ ಕೊಂಡಿ ಹಾಕಿದ್ದೇ, ಅಚ್ಚು ಹಾಕಿದ್ದೇ? ಕೈಮಗ್ಗದ್ದೇ? ಉತ್ತರ ಸಿಗದಿದ್ದರೆ ಇಳಕಲ್ಲಿಗೇ ಹೋಗಿ. ಅಲ್ಲಿ ಇನ್ನೂ ಕುಣಿಮಗ್ಗಗಳಿವೆ. ನಿಮಗೆ ಯಾವ ದಡಿ ಬೇಕೆಂದು ಕೇಳಿ ನೇಯ್ದುಕೊಡುವವರೂ ಇದ್ದಾರೆ.